ಇಪ್ಪತ್ತೈದೂವರೆ ನಿಮಿಷದ ಪದ

ಚಾಮರಾಜನಗರ
೯ ಜೂನ್ ೨೦೨೪

ಶರತ್,

ನಿನ್ನೆ ಫೋನಿನಲ್ಲಿ ನಾನೂ ಕೂಗಿದೆ, ನೀನೂ ಕೂಗಿದೆ. ಯಾರು ಏನು ಹೇಳಿದೆವೆಂದು ಈಗ ಕೇಳಿದರೆ ಇಬ್ಬರ ಉತ್ತರವೂ ಬೇರೆಯಾಗಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆದೇ ಉತ್ತರ ಕೊಡು. ಬರೆದದ್ದನ್ನು ಬೇಕಾದಾಗ ತೆಗೆದು ನೋಡಬಹುದು.

ಮಾರ್ಚಿನಲ್ಲಿ ಅಪ್ಪನಿಗೆ ಎಡೆ ಇಡಲು ಹಂಗಳಕ್ಕೆ ಬಂದಾಗ ಅಮ್ಮನ ಪದದ ಕ್ಯಾಸೆಟ್ಟನ್ನು ನಿನ್ನ ಕೈಗೆ ಕೊಟ್ಟೆ. ನನ್ನ ಟೂ-ಇನ್-ಒನ್ ಅದರ ಟೇಪನ್ನು ಎರಡು ಸಲ ನುಂಗಿತ್ತು. ಗುಂಡ್ಲುಪೇಟೆಯಲ್ಲಿ ಆಂಪ್ಲಿಫೈಯರು, ಸ್ಪೀಕರು ರಿಪೇರಿ ಮಾಡುವ ತಮ್ಮನೇ ಇರುವಾಗ ಹೊರಗಿನವರ ಹತ್ತಿರ ಯಾಕೆ ಹೋಗಲಿ ಎಂದುಕೊಂಡೆ. ಕೊಡುವಾಗ ಕೈ ಸ್ವಲ್ಪ ಹಿಂಜರಿದದ್ದು ನಿಜ. ಅದನ್ನು ಮುಚ್ಚಿಡುವುದಿಲ್ಲ.

ಮೊನ್ನೆ ನೀನು ಕಳಿಸಿದ ಪೆನ್ ಡ್ರೈವ್ ಬಂತು. ಕ್ಯಾಸೆಟ್ ಬರಲಿಲ್ಲ.

ಪೆನ್ ಡ್ರೈವಿನಲ್ಲಿರುವುದು ಅಮ್ಮನ ದನಿಯಲ್ಲ. ಪದ ಅದೇ, ರಾಗ ಅದೇ. ಸಾಲನ್ನು ಮತ್ತೆ ಹೇಳುತ್ತಾ ಹಿಂದೆ ಸೊಲ್ಲು ಹಿಡಿಯುವ ಇನ್ನೊಬ್ಬಳೂ ಇದ್ದಾಳೆ, ನಡುವೆ ಅಳುವ ಮಗುವೂ ಇದೆ. ಆದರೆ ಮುಂದಾಗಿ ಹೇಳುವ ದನಿ ತೆಳುವಾಗಿದೆ, ಅವಸರದ್ದಾಗಿದೆ, ಹುಡುಗಿಯದಾಗಿದೆ. ಅಮ್ಮನ ದನಿ ಹಾಗಿಲ್ಲ. ಅದು ದಪ್ಪ, ನಿಧಾನ. ಬಾವಿಯಿಂದ ತುಂಬಿದ ಕೊಡವನ್ನು ಎಳೆದ ಹಾಗೆ. ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ, ಅದರಲ್ಲಿ ಕೊನೆಯ ಮೂರು ವರ್ಷ ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಅವಳ ಕೈ ನೆನಪಿದೆ, ಸೀರೆಯ ವಾಸನೆ ನೆನಪಿದೆ. ದನಿ ಎಂದರೆ ನನಗೆ ಈ ಕ್ಯಾಸೆಟ್ ಒಂದೇ. ಮೂವತ್ತಾರು ವರ್ಷ ಕೇಳಿದ್ದೇನೆ.

ಇದು ನನ್ನ ಭ್ರಮೆ ಎಂದು ನೀನು ಹೇಳಬಹುದು. ಹಾಗಾಗಿ ಭ್ರಮೆಯಲ್ಲದ ಒಂದನ್ನು ಹೇಳುತ್ತೇನೆ. ಮದುವೆಯಾದ ವರ್ಷ ಕಾಪಿ ಮಾಡಿಸಬೇಕೆಂದು ಗಡಿಯಾರ ಎದುರಿಗಿಟ್ಟು ಆ ಬದಿಯನ್ನು ಪೂರ್ತಿ ಕೇಳಿದ್ದೆ. ಇಪ್ಪತ್ತೆಂಟು ನಿಮಿಷ. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ನಿನ್ನ ಪೆನ್ ಡ್ರೈವಿನಲ್ಲಿರುವುದು ಇಪ್ಪತ್ತೈದೂವರೆ ನಿಮಿಷ.

ಉಳಿದ ಎರಡೂವರೆ ನಿಮಿಷ ಎಲ್ಲಿ, ಶರತ್?

ಶಿವರಂಜಿನಿ


ಗುಂಡ್ಲುಪೇಟೆ
೧೬ ಜೂನ್ ೨೦೨೪

ಅಕ್ಕ,

ನಮಸ್ಕಾರ. ಐ.ಟಿ.ಐ. ಪರೀಕ್ಷೆ ಆದ್ಮೇಲೆ ನಾನು ಪೆನ್ನು ಹಿಡಿದಿರೋದು ಬಿಲ್ ಬುಕ್ಕಿಗೆ ಮಾತ್ರ. ತಪ್ಪಿದ್ರೆ ನಿನ್ನ ಕಾಲೇಜು ಮಕ್ಕಳಿಗೆ ಮಾಡ್ದಂಗೆ ಕೆಂಪು ಇಂಕಲ್ಲಿ ತಿದ್ದಿ ವಾಪಸ್ ಕಳಿಸ್ಬ್ಯಾಡ. ಈ ಕಾಗದ ತೆರಕಣಾಂಬಿ ಮೇಲೆ ಬರೋ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟಿದ್ದೀನಿ. ಬಸ್ ಸ್ಟ್ಯಾಂಡಲ್ಲಿ ಇಸ್ಕೋ.

ಸಿಟ್ಟು ಬುಡು, ಒಂದು ವಿಷ್ಯ ಕೇಳು. ನಮ್ಮೂರಲ್ಲಿ ರಾಜಣ್ಣ ಅಂತ ಹೋಮ್‌ಸ್ಟೇ ಇಟ್ಟವ್ನೆ. ಹೋದ ತಿಂಗಳು ಬೆರಳು ದಪ್ಪದ ಸ್ಪೀಕರ್ ವೈರು ತರಿಸ್ಕೊಂಡು ಅಂಗಡಿಗೆ ಬಂದ. ‘ಇದ್ನ ಹಾಕ್ಲಾ ಶರತಾ, ಸೌಂಡು ಸಕ್ಕರೆ ಆಯ್ತದೆ’ ಅಂದ. ನಾನು ಅವನ ಮನೆಗೇ ಹೋಗಿ ಒಂದು ಪರದೆ ಕಟ್ಟಿ, ‘ಈಗ ಹಳೇದಾ ಹೊಸ್ದಾ ಹೇಳಣ್ಣ’ ಅಂತ ಹತ್ತು ಸಲ ಬದಲಾಯಿಸಿ ಕೇಳಿಸ್ದೆ. ಒಂದ್ಸಲಿ ಅಂಗಡಿ ಮಾಮೂಲಿ ವೈರು ಹಾಕ್ದಾಗ ಎದ್ದು ನಿಂತ್ಕೊಂಡು, ‘ಇದೇ ಕಣ್ಲಾ! ಇದೇ ಹೊಸ ವೈರು! ಕೊಳಲು ನೋಡು ಹೆಂಗೆ ಜೇನು ಸುರಿದಂಗೆ!’ ಅಂದ. ಪರದೆ ತೆಗೆದೆ. ಆವತ್ತಿಂದ ನನ್ನ ಜೊತೆ ಮಾತಿಲ್ಲ.

ಯಾಕೆ ಹೇಳ್ದೆ ಅಂದ್ರೆ, ಜನ ಅಳೀಬಾರದ್ದನ್ನೆಲ್ಲ ಅಳೀತಾರೆ. ವೈರು ಅಳೀಬೇಕಾಗಿಲ್ಲ. ಆಂಪ್ಲಿಫೈಯರು ಸುಮಾರಾಗಿದ್ರೂ ಒಂದಕ್ಕೂ ಇನ್ನೊಂದಕ್ಕೂ ಅಂಥ ವ್ಯತ್ಯಾಸ ಇಲ್ಲ. ಮನೇಲಿರೋ ಸಾಮಾನಲ್ಲಿ ಸುಳ್ಳು ಹೇಳೋದು ಸ್ಪೀಕರು. ಒಂದೇ ಪದನ ನಾಕು ಸ್ಪೀಕರಲ್ಲಿ ಹಾಕು, ನಾಕು ಜನ ಹಾಡ್ದಂಗೆ ಕೇಳ್ತದೆ. ನೀನು ಕೇಳಿದ್ದು ಯಾವುದ್ರಲ್ಲಿ? ಲ್ಯಾಪ್‌ಟಾಪಲ್ಲಿ ತಾನೆ? ಅದರ ಸ್ಪೀಕರು ಕೋಟಿನ ಗುಂಡಿಯಷ್ಟೈತೆ. ಅದ್ರಲ್ಲಿ ಯಾರ ದನಿ ದಪ್ಪ ಬಂದಾತು? ಒಳ್ಳೇದ್ರಲ್ಲಿ ಕೇಳಿ ಆಮೇಲೆ ಬೈ.

ಕ್ಯಾಸೆಟ್ ನನ್ನ ಹತ್ರನೇ ಅದೆ. ಒಳಗಿನ ಪ್ಯಾಡು ಕಿತ್ತೋಗಿತ್ತು, ಅಂಟಿಸ್ಬೇಕು. ಕಳಿಸ್ತೀನಿ.

ನಿನ್ನ ತಮ್ಮ,
ಶರತ್


ಚಾಮರಾಜನಗರ
೨೪ ಜೂನ್ ೨೦೨೪

ಶರತ್,

ರಾಜಣ್ಣನ ಕಥೆ ಓದಿ ನಕ್ಕೆ. ನಕ್ಕ ಮೇಲೆ, ಇವನು ನನ್ನನ್ನು ನಗಿಸಿ ದಾಟಿಕೊಳ್ಳುತ್ತಿದ್ದಾನೆಯೇ ಎಂದೂ ಅನ್ನಿಸಿತು. ಎರಡೂ ನಿಜ, ಎರಡನ್ನೂ ಬರೆಯುತ್ತೇನೆ.

ನಿನ್ನ ಮಾತನ್ನು ತಳ್ಳಿಹಾಕಲಿಲ್ಲ. ಲ್ಯಾಪ್‌ಟಾಪು, ಹೆಡ್‌ಫೋನು, ನಮ್ಮ ಕಾಲೇಜಿನ ಸುಧಾಮಣಿಯ ಮನೆಯ ಎದೆಯೆತ್ತರದ ಸ್ಪೀಕರು, ಅವಳ ಕಾರು, ಹೀಗೆ ನಾಲ್ಕರಲ್ಲೂ ಕೇಳಿದೆ. ಲ್ಯಾಬಿನಲ್ಲಿ ಮಕ್ಕಳಿಗೆ ಹೇಳುವಂತೆ ಒಂದು ಸಲಕ್ಕೆ ಒಂದನ್ನೇ ಬದಲಿಸಿದೆ. ನೀನು ಹೇಳಿದ್ದು ಸರಿ. ವೈರಿಗಿಂತ, ಆಂಪ್ಲಿಫೈಯರಿಗಿಂತ ಸ್ಪೀಕರನ್ನೇ ಮೊದಲು ಪರೀಕ್ಷೆಗೆ ಕೂರಿಸಬೇಕು. ಕಾರಿನಲ್ಲಿ ಆ ಹೆಂಗಸು ಪಕ್ಕದ ಕೋಣೆಯಲ್ಲಿದ್ದಳು. ಹೆಡ್‌ಫೋನಿನಲ್ಲಿ ನನ್ನ ಹಣೆಯ ಹಿಂದೆ ಕೂತಿದ್ದಳು.

ಆದರೆ ನಾಲ್ಕರಲ್ಲೂ ಅವಳು ಅಮ್ಮನಲ್ಲ. ಸ್ಪೀಕರು ದನಿಯ ಬಣ್ಣವನ್ನು ಬದಲಿಸಬಹುದು, ಹೊತ್ತನ್ನು ಬದಲಿಸಲಾರದು. ನಾಲ್ಕರಲ್ಲೂ ಇಪ್ಪತ್ತೈದೂವರೆ ನಿಮಿಷವೇ ಬಂತು.

ನಡುವೆ ಎಲ್ಲಾದರೂ ಕತ್ತರಿಸಿದ್ದೀಯೋ ಎಂದೂ ಹುಡುಕಿದೆ. ಮಗು ಅಳುವ ಕಡೆ ಅಮ್ಮನ ದನಿ ನಿಂತುಹೋಗಿ, ಸೊಲ್ಲು ಹಿಡಿಯುವವಳು ಒಬ್ಬಳೇ ಸ್ವಲ್ಪ ಹೊತ್ತು ಎಳೆಯುತ್ತಾಳಲ್ಲ, ಅದನ್ನು ಕತ್ತರಿಸಿದ್ದರೆ ನನಗೆ ಬೇಸರವಿರುತ್ತಿರಲಿಲ್ಲ. ಚಿಕ್ಕವಳಿದ್ದಾಗಿನಿಂದ ಆ ಭಾಗ ಬಂದರೆ ಟೇಪನ್ನು ಮುಂದಕ್ಕೆ ಓಡಿಸಿಬಿಡುತ್ತೇನೆ. ಅಮ್ಮನಿಲ್ಲದ ಕಡೆ ನನಗೇನು ಕೆಲಸ? ಆದರೆ ಅದೂ ಇದೆ. ಏನೂ ಹೋಗಿಲ್ಲ, ಆದರೂ ಎರಡೂವರೆ ನಿಮಿಷ ಹೋಗಿದೆ. ಹಾಗಾದರೆ ಇದು ಆ ಹಾಡಿಕೆಯೇ ಅಲ್ಲ, ಅದರ ಹಾಗೆ ಮತ್ತೆ ಹಾಡಿಸಿದ್ದು.

ಈಗ ಕೇಳಲೇಬೇಕಾದದ್ದನ್ನು ಕೇಳುತ್ತೇನೆ. ಮಾರ್ಚಿನಲ್ಲಿ ಎಡೆಗೆ ಒಬ್ಬಟ್ಟು ತಟ್ಟುತ್ತಾ ಚಿಕ್ಕಮ್ಮ, ನಿಮ್ಮವ್ವ, ಏನೋ ಗುನುಗುತ್ತಿದ್ದರು. ಸಾಲಿನ ಕೊನೆಯಲ್ಲಿ ಉಸಿರನ್ನು ಸಣ್ಣಗೆ ಒಳಕ್ಕೆ ಎಳೆದುಕೊಳ್ಳುತ್ತಾರೆ. ಪೆನ್ ಡ್ರೈವಿನ ದನಿಯೂ ಹಾಗೇ ಎಳೆದುಕೊಳ್ಳುತ್ತದೆ. ಕ್ಯಾಸೆಟ್ ಹಾಳಾಗಿ, ನನಗೆ ಹೇಳಲು ಹೆದರಿ, ನಿಮ್ಮವ್ವನ ಕೈಲಿ ಹಾಡಿಸಿ, ಕಂಪ್ಯೂಟರಿನಲ್ಲಿ ಎಳೆಯದಾಗಿ ಮಾಡಿ ಕಳಿಸಿದ್ದೀಯಾ?

ಹೌದು ಅಥವಾ ಇಲ್ಲ ಎಂದು ಬರೆ. ಇದು ನನ್ನ ಚಿಕ್ಕಮ್ಮನ ದನಿಯೇ?

ಶಿವರಂಜಿನಿ


ಗುಂಡ್ಲುಪೇಟೆ
೧ ಜುಲೈ ೨೦೨೪

ಅಕ್ಕ,

ಅವ್ವನ್ನ ಇದ್ರೊಳಕ್ಕೆ ಎಳೀಬ್ಯಾಡ. ಕೈ ಮುಗೀತೀನಿ.

ನಾನು ಯಾವುದ್ನೂ ಕತ್ತರಿಸಿಲ್ಲ, ಯಾರ ಕೈಲೂ ಹಾಡಿಸಿಲ್ಲ. ಕ್ಯಾಸೆಟಲ್ಲಿ ಏನಿತ್ತೋ ಅದೇ ಪೆನ್ ಡ್ರೈವಲ್ಲಿ ಅದೆ. ನನ್ನ ಕ್ಯಾಸೆಟ್ ಡೆಕ್ಕು ಅಳತೆ ಮಾಡಿ ಇಟ್ಟಿರೋದು. ಇಷ್ಟೇ ನಾನು ಹೇಳೋದು.

ಕ್ಯಾಸೆಟ್ ಇದ್ರ ಜೊತೆ ಕಳಿಸಿದ್ದೀನಿ. ಹಳೇ ಡಬ್ಬಿ ಸೊಟ್ಟಗಾಗಿತ್ತು. ಟೇಪನ್ನ ಬಿಚ್ಚಿ ಹೊಸ ಡಬ್ಬಿಗೆ ಸುತ್ತಿದ್ದೀನಿ. ನಿನ್ನ ಟೂ-ಇನ್-ಒನ್ನಲ್ಲಿ ಹಾಕೋಕ್ಕೆ ಮುಂಚೆ ಅದ್ರ ರಬ್ಬರ್ ಗಾಲಿನ ಸ್ಪಿರಿಟಲ್ಲಿ ಒರೆಸು, ನುಂಗಕ್ಕಿಲ್ಲ.

ಇನ್ನೊಂದು. ಆಷಾಢ ಕಳೀಲಿ, ಶ್ರಾವಣದಲ್ಲಿ ಮೀನಾಗೆ ಕಿವಿ ಚುಚ್ಚಿಸ್ತೀವಿ. ಆಗಸ್ಟ್ ಹದಿನೆಂಟು, ಭಾನುವಾರ. ಸೋದರತ್ತೆ ನೀನು ಬರ್ದೆ ಇದ್ರೆ ಹೆಂಗೆ? ಅವ್ವ ದಿನಾ ಕೇಳ್ತಾವ್ಳೆ, ‘ಅವಳಿಗೆ ಯೋಳ್ದಾ, ಅವಳಿಗೆ ಯೋಳ್ದಾ’ ಅಂತ.

ಶರತ್


ಚಾಮರಾಜನಗರ
೧೦ ಜುಲೈ ೨೦೨೪

ಶರತ್,

ನೀನು ‘ಇಲ್ಲ’ ಎಂದು ಬರೆಯಲಿಲ್ಲ. ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಕತ್ತರಿಸಿಲ್ಲ ಎಂದಿದ್ದೀಯ, ಹಾಡಿಸಿಲ್ಲ ಎಂದಿದ್ದೀಯ. ಅದು ಚಿಕ್ಕಮ್ಮನ ದನಿಯಲ್ಲ ಎಂದು ಮಾತ್ರ ಎಲ್ಲಿಯೂ ಇಲ್ಲ. ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಯ ಸುತ್ತ ಮಕ್ಕಳು ಹೀಗೇ ಬರೆಯುತ್ತಾರೆ.

ಬಂದ ಕ್ಯಾಸೆಟ್ಟನ್ನು ಮೊದಲು ಕೈಯಲ್ಲೇ ಹಿಡಿದು ನೋಡಿದೆ. ಹಳೆಯದರ ಮೇಲೆ ಅಪ್ಪ ನೀಲಿ ಇಂಕಿನಲ್ಲಿ ‘ಶಾಂತಮಲ್ಲಮ್ಮ, ಪದ, ೧೯೮೨’ ಎಂದು ಬರೆದ ಚೀಟಿ ಇತ್ತು. ಇದರ ಮೇಲೆ ಏನೂ ಇಲ್ಲ. ಹಳೆಯ ಡಬ್ಬಿ ಸೊಟ್ಟಗಾಗಿದ್ದರೆ ಅದನ್ನೂ ಕಳಿಸಬಹುದಿತ್ತು. ಯಾಕೆ ಕಳಿಸಲಿಲ್ಲ?

ಗಾಲಿಯನ್ನು ಒರೆಸಿ ಹಾಕಿದೆ. ಅಮ್ಮ ಬಂದಳು. ಅದೇ ದಪ್ಪ ದನಿ, ಅದೇ ನಿಧಾನ. ಅಡುಗೆಮನೆಯ ಬಾಗಿಲಲ್ಲಿ ನಿಂತೇ ಕೇಳಿದೆ. ಮಗು ಅತ್ತಿತು, ಮುಂದಕ್ಕೆ ಓಡಿಸಿದೆ, ಮತ್ತೆ ಅಮ್ಮ. ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಈಗ ಒಂದು ವಿಷಯ ಸ್ಪಷ್ಟವಾಯಿತು. ಕ್ಯಾಸೆಟ್ ನಿಜವಾದದ್ದು, ಪೆನ್ ಡ್ರೈವ್ ಅಲ್ಲ. ಕ್ಯಾಸೆಟ್ ನಿಜವಾದದ್ದೆಂದರೆ ನೀನು ಬೇಕೆಂದೇ ಇನ್ನೊಂದನ್ನು ಮಾಡಿದ್ದೀಯ. ತಪ್ಪಿ ಆದದ್ದಲ್ಲ.

ಯಾಕೆ ಎಂದು ಯೋಚಿಸಿದೆ. ಸಿಕ್ಕ ಉತ್ತರ ನನಗೇ ಹಿಡಿಸಲಿಲ್ಲ. ಆದರೂ ಬರೆಯುತ್ತೇನೆ. ಅಮ್ಮ ಹೋಗಿ ವರ್ಷ ತುಂಬುವ ಮೊದಲೇ ಚಿಕ್ಕಮ್ಮ ಆ ಮನೆಗೆ ಬಂದರು. ರಜೆಗೆ ಬಂದಾಗ ಅಮ್ಮನ ಒಲೆಯ ಮುಂದೆ ಅವರಿದ್ದರು, ಅಮ್ಮನ ಮಣೆಯ ಮೇಲೆ ಅವರಿದ್ದರು. ಟೂ-ಇನ್-ಒನ್ನನ್ನೂ ಕ್ಯಾಸೆಟ್ಟನ್ನೂ ಎತ್ತಿಕೊಂಡು ಹಾಸ್ಟೆಲಿಗೆ ಹೋದೆ. ಇದೊಂದರಲ್ಲಿ ಅವರಿಲ್ಲ ಎಂದುಕೊಂಡಿದ್ದೆ. ಈಗ ಇದರಲ್ಲೂ ಅವರ ದನಿ.

ಆಗಸ್ಟ್ ಹದಿನೆಂಟಕ್ಕೆ ನನ್ನನ್ನು ಕಾಯಬೇಡಿ. ಮೀನಾಳಿಗೆ ಓಲೆಯನ್ನು ಬಸ್ಸಿನಲ್ಲಿ ಕಳಿಸುತ್ತೇನೆ.

ಶಿವರಂಜಿನಿ


ಗುಂಡ್ಲುಪೇಟೆ
೧೫ ಜುಲೈ ೨೦೨೪

ಅಕ್ಕ,

ನಿನ್ನ ಕಾಗದ ಅವ್ವನಿಗೆ ಓದಿ ಹೇಳ್ಲಿಲ್ಲ. ಏನಂತ ಓದ್ಲಿ?

ಇದ್ರ ಜೊತೆ ಒಂದು ಟೆಸ್ಟ್ ಕ್ಯಾಸೆಟ್ ಇಟ್ಟಿದ್ದೀನಿ. ನಾನು ಮಾಡಿದ್ದಲ್ಲ, ಕಾರ್ಖಾನೇದು, ಸೀಲೂ ಒಡೆದಿಲ್ಲ. ಡೆಕ್ಕಿನ ಓಟ ನೋಡೋಕ್ಕೇ ಮಾಡಿರೋದು. ಅದ್ರಲ್ಲಿ ಹಾಡಿಲ್ಲ, ಒಂದೇ ಒಂದು ಸೀಟಿ. ಸರಿಯಾಗಿ ಓಡೋ ಮಿಷನ್ನಲ್ಲಿ ಸೆಕೆಂಡಿಗೆ ಮೂರು ಸಾವ್ರ ಸಲ ಅಂತ ತೋರಿಸ್ಬೇಕು. ಫೋನಲ್ಲೇ ಅಳೀಬೌದು, ನಿಂಗೆ ಗೊತ್ತು. ನನ್ನ ಡೆಕ್ಕಲ್ಲಿ ಮೂರು ಸಾವ್ರದ ನಾಕು.

ಸ್ಪೀಕರು ಅಳ್ದೆ, ಹೆಡ್‌ಫೋನ್ ಅಳ್ದೆ, ನನ್ನನ್ನೂ ಅಳ್ದೆ. ನಿನ್ನ ಟೂ-ಇನ್-ಒನ್ನ ಯಾವತ್ತಾದ್ರೂ ಅಳ್ದಿದ್ದೀಯಾ? ಅಪ್ಪ ಅದನ್ನ ತಂದಾಗ್ಲೇ ಸೆಕೆಂಡ್ ಹ್ಯಾಂಡು.

ನಾನು ಬೇರೆ ಏನೂ ಬರೆಯಕ್ಕಿಲ್ಲ.

ಶರತ್


ಚಾಮರಾಜನಗರ
೨೨ ಜುಲೈ ೨೦೨೪

ಶರತ್,

ನಿನ್ನ ಟೆಸ್ಟ್ ಕ್ಯಾಸೆಟ್ಟನ್ನು ಎರಡು ದಿನ ಮುಟ್ಟಲಿಲ್ಲ. ಸೀಲನ್ನು ಬೆಳಕಿಗೆ ಹಿಡಿದು, ಒಡೆದು ಮತ್ತೆ ಅಂಟಿಸಿದ್ದಾರೆಯೇ ಎಂದು ನೋಡಿದೆ. ನಾನು ಎಂಥವಳಾಗಿದ್ದೇನೆ ಎಂದು ನಿನಗೆ ಗೊತ್ತಿರಲಿ.

ಮೊದಲು ನಿನ್ನದನ್ನು ಬಿಟ್ಟು ಬೇರೆ ದಾರಿ ಹಿಡಿದೆ. ಕಾಲೇಜಿನ ಲೈಬ್ರರಿಯಲ್ಲಿ ಇಂಗ್ಲಿಷ್ ಪಾಠದ ಹಳೆಯ ಕ್ಯಾಸೆಟ್ಟುಗಳಿವೆ. ಒಂದರ ಮೇಲೆ ಇಪ್ಪತ್ತೆರಡು ನಿಮಿಷ ಎಂದು ಅಚ್ಚು ಹಾಕಿದ್ದಾರೆ. ನನ್ನ ಟೂ-ಇನ್-ಒನ್ನಿನಲ್ಲಿ ಅದು ಇಪ್ಪತ್ತನಾಲ್ಕು ನಿಮಿಷ ಹತ್ತು ಸೆಕೆಂಡು ಓಡಿತು. ಪಾಠ ಹೇಳುವ ಮೇಡಂ ನಿದ್ದೆಗಣ್ಣಿನಲ್ಲಿ ಮಾತಾಡುತ್ತಿದ್ದರು. ಆಮೇಲೆ ನಿನ್ನ ಸೀಟಿಯನ್ನು ಹಾಕಿದೆ. ಮೂರು ಸಾವಿರ ಬರಬೇಕಾದ ಕಡೆ ಎರಡು ಸಾವಿರದ ಏಳುನೂರ ಮೂವತ್ತೊಂದು.

ನೂರಕ್ಕೆ ಒಂಬತ್ತು ಪಾಲು ನಿಧಾನ. ಇಪ್ಪತ್ತೈದೂವರೆ ನಿಮಿಷದ ಪದ ನನ್ನ ಮನೆಯಲ್ಲಿ ಇಪ್ಪತ್ತೆಂಟು ನಿಮಿಷವಾಗುವಷ್ಟು. ತೆಳುವಾದ ದನಿ ದಪ್ಪವಾಗುವಷ್ಟು.

ಆಗಲೂ ನಾನು ಸೋಲಲಿಲ್ಲ. ೧೯೮೨ರಲ್ಲಿ ಹಾಡು ಹಿಡಿದ ಯಂತ್ರವೇ ತಪ್ಪಾಗಿ ಓಡಿದ್ದರೆ? ಅದು ಕೇರಳದ ಬತ್ತೇರಿಯ ಟೀ ಅಂಗಡಿಯವನ ತಮ್ಮ ಗಲ್ಫಿನಿಂದ ತಂದದ್ದು ಎಂದು ಅಪ್ಪ ಹೇಳುತ್ತಿದ್ದರು. ನಿನ್ನ ಪೆನ್ ಡ್ರೈವನ್ನು ಲ್ಯಾಬಿನ ಕಂಪ್ಯೂಟರಿಗೆ ಹಾಕಿ, ಪದದ ಹಿಂದೆ ಗುಂಯ್‌ಗುಡುವ ಕರೆಂಟಿನ ಸದ್ದನ್ನು ಅಳೆದೆ. ಐವತ್ತರ ಹತ್ತಿರ ಇರಬೇಕು, ನಲವತ್ತೊಂಬತ್ತು ಇತ್ತು. ಆ ಕಾಲದ ಕರೆಂಟಿಗೆ ಅದು ಸರಿಯೇ, ಹಿಡಿದ ಯಂತ್ರ ತಪ್ಪಾಗಿ ಓಡಿದ್ದರೆ ಇದೂ ತಪ್ಪಿರುತ್ತಿತ್ತು.

ಮೂವತ್ತಾರು ವರ್ಷ ಆ ಪೆಟ್ಟಿಗೆಯ ಮುಂದೆ ಕೂತಿದ್ದೇನೆ. ಅದರಲ್ಲಿ ಇಪ್ಪತ್ತು ವರ್ಷ ಮಕ್ಕಳಿಗೆ ಅಳತೆಯ ದೋಷದ ಪಾಠ ಮಾಡಿದ್ದೇನೆ. ಮನೆಯ ಎಲ್ಲ ಸಾಮಾನಿನಲ್ಲಿ ಮೊದಲು ಪರೀಕ್ಷೆ ಮಾಡಬೇಕಾಗಿದ್ದದ್ದು ಅದನ್ನೇ. ಅನುಮಾನ ಬಂದದ್ದನ್ನೆಲ್ಲ ಅಳೆದೆ, ಬಾರದ್ದನ್ನು ಅಳೆಯಲಿಲ್ಲ.

ನೀನು ಸುಳ್ಳು ಹೇಳಿಲ್ಲ. ನಾನು ಬರೆದದ್ದನ್ನು ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ, ಬರೆದದ್ದರ ಕಷ್ಟವೇ ಅದು. ತಪ್ಪಾಯಿತು, ಶರತ್.

ಆದರೆ ಇದರಿಂದ ಒಂದು ಪ್ರಶ್ನೆ ಇನ್ನೂ ಗಟ್ಟಿಯಾಯಿತು. ಪೆನ್ ಡ್ರೈವಿನ ದನಿಯೇ ನಿಜವಾದ ದನಿ. ಅದು ನಿಮ್ಮವ್ವನ ದನಿಯ ಹಾಗೆ ಕೇಳುತ್ತದೆ ಎಂದು ನಾನು ಬರೆದಾಗ ನೀನು ಇಲ್ಲ ಅನ್ನಲಿಲ್ಲ. ಯಾಕೆ?

ಶಿವರಂಜಿನಿ


ಹಂಗಳ
೨೯ ಜುಲೈ ೨೦೨೪

ರಂಜಿನಿ,

ನಾನು ಸೋಮಮ್ಮ. ನಾನು ಯೋಳ್ತಾ ಇವ್ನಿ, ಶರತ ಬರೀತಾವ್ನೆ. ಯೋಳ್ದಂಗೇ ಬರೀಲಾ, ನಿನ್ನದೇನೂ ಸೇರಿಸ್ಬ್ಯಾಡ ಅಂತ ಆಣೆ ಹಾಕ್ಸಿವ್ನಿ.

ಎಲ್ಲಾ ಕಾಗದನೂ ಓದಿಸ್ಕಂಡೆ ಕಣವ್ವ. ಸಿಟ್ಟಿಲ್ಲ ನಂಗೆ. ಅವ್ವನ ಮಣೆ ಮ್ಯಾಲೆ ಇನ್ನೊಬ್ಳು ಕೂತ್ರೆ ಯಾವ ಮಗೀಗೆ ಸಂತೋಸ ಆದದು?

ಶರತಂದೇನೂ ತಪ್ಪಿಲ್ಲ. ಅವನು ಆ ಪದ ಕಂಪ್ಯೂಟರ್ಗೆ ಇಳ್ಸೋವಾಗ ನಾನು ಅಂಗ್ಡೀಲಿ ಇದ್ದೆ. ಕಿವಿಗೆ ಬಿತ್ತು. ‘ಇನ್ನೊಂದ್ಸಲಿ ಹಾಕ್ಲಾ’ ಅಂದೆ. ದಿನಾ ಓಗಿ ಕೇಳ್ತಿದ್ದೆ. ನಿಂಗೆ ಕ್ಯಾಸೆಟ್ ತಡ ಆಗಿದ್ದು ಅದಕ್ಕೇ. ಹಳೇ ಡಬ್ಬೀನೂ ನಾನೇ ಇಟ್ಕಂಡಿವ್ನಿ, ದೇವ್ರ ಗೂಡಲ್ಲಿ ಅದೆ. ನಿಮ್ಮಪ್ಪನ ಕೈಬರ ಅಲ್ವಾ ಅದು?

ಮುಂದಾಗಿ ಯೋಳಿರೋಳು ನಾನು.

(ಅಕ್ಕ, ಇಲ್ಲಿ ಅವ್ವ ಎದ್ದೋಗಿ ಆ ಡಬ್ಬಿ ತಂದು ಮಡಿಲಲ್ಲಿ ಇಟ್ಕೊಂಡ್ಲು. ಇದು ನಾನು ಸೇರಿಸಿದ್ದು.)

ನಿಮ್ಮಮ್ಮ ನಂಗೆ ಅತ್ತೆ ಮಗಳು. ಶಾಂತಕ್ಕ ಅಂತಿದ್ದೆ. ಆವತ್ತು ನಿನಗೆ ಕಿವಿ ಚುಚ್ಚಿದ್ರು. ಮೂರು ವರ್ಸ ನಿಂಗೆ. ನಮ್ಮ ಅಟ್ಟೀಲಿ ಕಾರ್ಯದ ಮನೆ ಎಣ್ಣು ಪದ ಮುಂದಾಗಿ ಯೋಳಂಗಿಲ್ಲ. ಬಂದೋರು ಯೋಳ್ಬೇಕು, ಮನೆಯವಳು ಸೊಲ್ಲು ಹಿಡೀಬೇಕು. ನೀನು ಆಸ್ಟೆಲ್ಲಲ್ಲಿ ಬೆಳ್ದೋಳು, ನಿಂಗೆ ಇದ್ನ ಯಾರು ಯೋಳ್ಕೊಡ್ತಾರೆ? ಶಾಂತಕ್ಕ ನಂಗಿಂತ ಚೆನ್ನಾಗಿ ಯೋಳೋಳು. ಆದ್ರೂ ಆವತ್ತು ಅವಳು ಸೊಲ್ಲು ಹಿಡಿದ್ಲು, ನಾನು ಯೋಳ್ದೆ. ನಂಗಾಗ ಇಪ್ಪತ್ತು. ಮುಂದಾಗಿ ಯೋಳಿದ್ದು ಅದೇ ಮೊದ್ಲು. ಅದಕ್ಕೇ ಆ ಅವಸರ.

ಆಚಾರಿ ನಿನ್ನ ಎಡಗಿವಿ ಚುಚ್ಚೋವಾಗ ನೀನು ಕತ್ತು ತಿರುವ್ಬುಟ್ಟೆ. ತೂತು ಓರೆ ಆಯ್ತು. ಎಂಗೆ ಅತ್ತೆ ಅಂತೀಯ! ನಾನು ಪದ ಬುಟ್ಟು ಎದ್ದೆ, ನಿನ್ನ ಎತ್ಕಂಡು ಜಗ್ಲಿಗೆ ಓಗಿ ಕಿವಿಗೆ ಬೆಣ್ಣೆ ಹಚ್ಚಿದೆ. ಪದ ನಡುವೆ ನಿಲ್ಲಿಸ್ಬಾರ್ದು ಅಂತ ಶಾಂತಕ್ಕ ಒಬ್ಳೇ ಯೋಳ್ತಾ ಕೂತ್ಲು, ನಾನು ವಾಪಸ್ ಬರೋಗಂಟ. ಅದೊಂದ್ ಕಡೆ ಅವಳು ಒಬ್ಳೇ ಅವ್ಳೆ.

ನಿಮ್ಮಪ್ಪನ್ನ ಕೇಳಿದ್ದೆ ನಾನು, ‘ಮಗೀಗೆ ಯಾವ ದನಿ ಯಾರ್ದು ಅಂತ ಯೋಳುದ್ರಾ’ ಅಂತ. ‘ಅವಳು ಕೇಳ್ಲಿಲ್ಲ, ನಾನು ಯೋಳ್ಲಿಲ್ಲ’ ಅಂದ್ರು. ಈಗ ಶರತ ಯೋಳ್ಬುಡ್ತೀನಿ ಅಂದ. ಬ್ಯಾಡ ಕಣ್ಲಾ, ಅವಳು ಅವ್ವ ಅಂತ ಇಟ್ಕಂಡವಳೆ, ಕೆಡಿಸ್ಬ್ಯಾಡ ಅಂದಿದ್ದೆ. ಆದ್ರೆ ನೀನು ಬುಡ್ಲಿಲ್ಲವಲ್ಲ ತಾಯಿ. ಅಳ್ದೂ ಅಳ್ದೂ ನನ್ನ ಬಾಗ್ಲಿಗೇ ಬಂದೆ.

ಹದಿನೆಂಟನೇ ತಾರೀಕು ಬರೋದು ಬುಡೋದು ನಿನ್ನಿಷ್ಟ. ಓಲೆ ಮಾತ್ರ ಬಸ್ಸಲ್ಲಿ ಕಳಿಸ್ಬ್ಯಾಡ.

ನಿನ್ನ ಚಿಕ್ಕಮ್ಮ


ಚಾಮರಾಜನಗರ
೪ ಆಗಸ್ಟ್ ೨೦೨೪

ಚಿಕ್ಕಮ್ಮನಿಗೆ,

ನಿಮ್ಮ ಕಾಗದ ಓದಿ ಮೊದಲು ಮಾಡಿದ ಕೆಲಸ, ಕನ್ನಡಿಯ ಮುಂದೆ ಹೋಗಿ ಎಡಗಿವಿಯನ್ನು ನೋಡಿದ್ದು. ತೂತು ಓರೆಯಾಗಿಯೇ ಇದೆ. ಓಲೆ ಯಾವಾಗಲೂ ಸ್ವಲ್ಪ ಮುಂದಕ್ಕೆ ವಾಲುತ್ತಿತ್ತು. ಓಲೆಯದೇ ದೋಷ ಎಂದುಕೊಂಡು ಎಷ್ಟೋ ಜೊತೆ ಬದಲಿಸಿದ್ದೇನೆ.

ಆಮೇಲೆ ಪೆನ್ ಡ್ರೈವನ್ನು ಹಾಕಿದೆ. ಮಗು ಅತ್ತಿತು. ಅಭ್ಯಾಸದಿಂದ ಕೈ ಮುಂದಕ್ಕೆ ಓಡಿಸಲು ಹೋಯಿತು. ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೆ.

ಒಂದು ನಿಮಿಷ ನಲವತ್ತು ಸೆಕೆಂಡು. ಪದದ ಬೇರೆಲ್ಲ ಕಡೆ ಟೇಪು ಸವೆದು ಸುಯ್‌ಗುಡುತ್ತದೆ. ಅಷ್ಟು ಸಲ ಕೇಳಿದ್ದೇನೆ. ಆ ಒಂದು ನಿಮಿಷ ನಲವತ್ತು ಸೆಕೆಂಡು ಮಾತ್ರ ಮೊನ್ನೆ ಹಿಡಿದ ಹಾಗಿದೆ. ಗಡಿಯಾರ ಇಟ್ಟು ಕೇಳಿದ ಆ ಒಂದು ಸಲ ಬಿಟ್ಟರೆ ನಾನು ಕೇಳದೇ ಇದ್ದದ್ದರಿಂದ ಅದು ಹಾಗೇ ಉಳಿದುಕೊಂಡಿದೆ.

ಅಮ್ಮನ ದನಿ ಸರಿಯಾದ ಓಟದಲ್ಲೂ ತಗ್ಗಿನದೇ. ಅವಳು ಪದದ ಮೇಲೆ ಪೂರ್ತಿ ಗಮನ ಇಟ್ಟಿಲ್ಲ. ಮಗುವಿನ ಅಳು ದೂರ ಹೋದಂತೆ ಅವಳ ದನಿ ಸಣ್ಣದಾಗುತ್ತದೆ, ಕೇಳಿಸಿಕೊಳ್ಳುತ್ತಿರುವ ಹಾಗೆ. ಅಳು ನಿಂತ ಕೂಡಲೇ ಗಟ್ಟಿಯಾಗುತ್ತದೆ. ಇದು ನಿಜವೇ, ಅಥವಾ ನನಗೆ ಹಾಗೆ ಬೇಕಾಗಿದೆಯೇ? ಲ್ಯಾಬಿನಲ್ಲಿ ಅಳೆಯಬಹುದು. ಅಳೆಯಲಿಲ್ಲ.

ನಲವತ್ತಾರು ವರ್ಷದವಳು ನಾನು. ಆ ದನಿಗೆ ಇಪ್ಪತ್ತನಾಲ್ಕು.

ನಿಮ್ಮ ದನಿಯನ್ನು ಅಮ್ಮ ಎಂದುಕೊಂಡು ಇಷ್ಟು ವರ್ಷ ಮಲಗಿದ್ದೇನೆ, ಎದ್ದಿದ್ದೇನೆ. ನಿಮ್ಮ ಎದುರು ಮಾತ್ರ ಒಮ್ಮೆಯೂ ಸರಿಯಾಗಿ ಕೂರಲಿಲ್ಲ.

ಹದಿನೆಂಟಕ್ಕೆ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಓಲೆ ನನ್ನ ಕೈಯಲ್ಲೇ ತರುತ್ತೇನೆ. ಮೀನಾ ಕತ್ತು ತಿರುಗಿಸದ ಹಾಗೆ ಯಾರಾದರೂ ಗಟ್ಟಿಯಾಗಿ ಹಿಡಿದುಕೊಳ್ಳಲಿ. ಪದ ನೀವೇ ಹೇಳಬೇಕು. ಆ ಮನೆಯವರೇ ಆದರೂ, ನನಗಾಗಿ ಆವತ್ತು ಬಂದವರ ಕಡೆ ಕೂತುಕೊಳ್ಳಿ. ನನಗೆ ಸಾಲುಗಳೆಲ್ಲ ಬಾಯಿಗೆ ಬರುತ್ತವೆ. ಆದರೆ ಕಲಿತದ್ದು ನಿಧಾನದ ಓಟದಲ್ಲಿ, ಅದಕ್ಕೇ ಹಿಂದೆ ಬೀಳಬಹುದು.

ಬಿದ್ದರೆ ನಿಲ್ಲಿಸಬೇಡಿ. ಸೊಲ್ಲು ನಾನು ಹಿಡಿಯುತ್ತೇನೆ.

ರಂಜಿನಿ